ಅಮೋಯ್‌ನ ಮನೆಅಳಿಯ

ಕೌಲಾಲಂಪುರದ ಪಕ್ಕದ ಪುಚೊಂಗ್‌ನಿಂದ ನಾನೂ ಅತ್ತೆಯೂ ಹೊರಟಾಗ ಜಿಟಿಜಿಟಿ ಮಳೆ. ಅತ್ತೆಯ ಚೀಲದಲ್ಲಿ ಒಂದು ಮೇಣದಬತ್ತಿ, ನನ್ನದರಲ್ಲಿ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಕಟ್ಟಿಸಿಕೊಂಡ ರೋಟಿ. ಕೌಲಾಲಂಪುರದಿಂದ ರೈಲಿನಲ್ಲಿ ನಾಲ್ಕು ಗಂಟೆ, ಆಮೇಲೆ ಫೆರಿ. ಮಧ್ಯಾಹ್ನಕ್ಕೆ ಪೆನಾಂಗ್ ದ್ವೀಪ ಸೇರಿದೆವು, ಅಲ್ಲೂ ಮಳೆ.

ನಾನು ಮದುವೆಯಾಗಿ ಇಲ್ಲಿಗೆ ಬಂದ ಮಂಗಳೂರಿನವಳು, ಅತ್ತೆ ಇಲ್ಲಿಯವರೇ. ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಇಳಿಸಿದ್ದೇನೆ, ಇಲ್ಲಿಯವರ ಮಾತಿನ ಕೊನೆಗೆ ಅಂಟುವ 'ಲಾ' ಒಂದನ್ನು ಹಾಗೇ ಬಿಟ್ಟು. ಅವರ ಅಜ್ಜ ಲಿವರ್‌ಪೂಲಿನ ಬಿಳಿಯ. ಚೀನಾದಲ್ಲಿ ಯುರೋಪಿನವರ ವ್ಯಾಪಾರಕ್ಕೆ ತೆರೆದಿದ್ದ ಅಮೋಯ್ ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರಿಸುತ್ತಿದ್ದ. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಪೆನಾಂಗಿಗೆ ಬಂದು ತೀರಿಕೊಂಡ. ಅವನ ಸಮಾಧಿಗೆ ದೀಪ ಹಚ್ಚಬೇಕು, ಮೊಣಕಾಲು ಸೋತಿದೆ, ಇನ್ನೊಮ್ಮೆ ಬರಲಾರೆ ಎಂದು ಅತ್ತೆ ಹಟ ಹಿಡಿದಿದ್ದರು.

ಟ್ಯಾಕ್ಸಿಯವನು ಯಾವೂರೆಂದು ಕೇಳಿದ್ದೇ ತಡ, "ಲಿವರ್‌ಪೂಲ್ ಲಾ. ಇವಳು ಸೊಸೆ, ಇವಳೂ ಲಿವರ್‌ಪೂಲ್," ಎಂದರು. ಅಬ್ಬಬ್ಬಾ! ಮಂಗಳೂರಿನವಳನ್ನು ಒಂದೇ ಉಸಿರಿಗೆ ಸಮುದ್ರ ದಾಟಿಸಿದ್ದರು.

ಬಿಳಿಯರ ಹಳೆಯ ಸ್ಮಶಾನದಲ್ಲಿ ಒಂದೊಂದೇ ಕಲ್ಲು ಓದಿದೆವು. ಅಜ್ಜ ಇಲ್ಲ. ಅತ್ತೆ ಕಟ್ಟೆಯ ಮೇಲೆ ಕುಸಿದು ಕುಳಿತು ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು.

"ಮಮ್ಮಿ, ನಿಮ್ಮ ಅಜ್ಜಿಯನ್ನು ಎಲ್ಲಿ ಮಣ್ಣು ಮಾಡಿದ್ದು?"

"ಚೀನೀ ಕ್ರೈಸ್ತರ ಜಾಗದಲ್ಲಿ. ನಮ್ಮಮ್ಮ ಆ ಕಡೆ ತಲೆ ಹಾಕಲಿಲ್ಲ. ಚೀನೀ ತಾಯಿ ಅಂದರೆ ನಾಚಿಕೆ ಅವಳಿಗೆ."

"ನಮ್ಮ ಊರ ಕ್ರೈಸ್ತರಲ್ಲಿ ಗಂಡ ಹೆಂಡತಿಗೆ ಒಂದೇ ಸಮಾಧಿ. ಬನ್ನಿ, ಅಲ್ಲೇ ನೋಡುವ."

ಅತ್ತೆ ಗೊಣಗುತ್ತಲೇ ಎದ್ದರು.

ಅಲ್ಲಿ ಕಸ ಗುಡಿಸುತ್ತಿದ್ದ ಚೀನೀ ಮುದುಕಿ ನಮ್ಮ ಜೊತೆ ಹುಡುಕಿದಳು. ಗುಡ್ಡದ ಮಗ್ಗುಲಲ್ಲಿ ಸಿಕ್ಕಿತು, ಇಬ್ಬರಿಗೂ ಒಂದೇ ಕಲ್ಲು! ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಜ್ಜನ ಹೆಸರು, ನೆತ್ತಿಯಲ್ಲಿ ಎರಡು ದೊಡ್ಡ ಚೀನೀ ಅಕ್ಷರ. ಕಲ್ಲಿನ ನೆತ್ತಿಯಲ್ಲಿ ಚೀನೀಯರು ಸತ್ತವರ ಮೂಲ ಊರನ್ನು ಕೆತ್ತಿಸುತ್ತಾರೆ.

"ಅಮೋಯ್," ಎಂದು ಓದಿದಳು ಮುದುಕಿ. "ಹೆಂಡತಿ ಕಡೆಯವರು ಕಲ್ಲು ಹಾಕಿಸಿರಬೇಕು. ಅವಳ ಊರೇ ಇವನಿಗೂ."

"ಮಮ್ಮಿ, ಅಜ್ಜ ಮನೆಅಳಿಯ ಆಗಿಬಿಟ್ಟಿದ್ದಾರೆ! ಲಿವರ್‌ಪೂಲ್ ಎಲ್ಲೂ ಇಲ್ಲ," ಎಂದೆ. ಅತ್ತೆ ನನ್ನ ತೋಳಿಗೊಂದು ಕೊಟ್ಟು ನಕ್ಕರು, ನಗುತ್ತಲೇ ಅತ್ತರು. ಆಮೇಲೆ ಮೇಣದಬತ್ತಿಯನ್ನು ಎರಡಾಗಿ ಮುರಿದು, ಅಜ್ಜಿಯದನ್ನು ಮೊದಲು ಹಚ್ಚಿದರು. ಮಳೆ ನಿಂತಿತ್ತು. ಉಳಿದಿದ್ದ ರೋಟಿಯನ್ನು ಮುದುಕಿಯೊಂದಿಗೆ ಹಂಚಿಕೊಂಡು ತಿಂದೆವು.

ಫೆರಿಗೆ ಮರಳುವಾಗ ಟ್ಯಾಕ್ಸಿ ಓಡಿಸುತ್ತಿದ್ದ ಹೆಂಗಸೂ ಯಾವೂರೆಂದು ಕೇಳಿದಳು. ಅತ್ತೆ ಗುಡ್ಡದ ಕಡೆ ತಿರುಗಿ ನೋಡಿದರು.

"ನಮ್ಮಜ್ಜಿ ಅಮೋಯ್‌ನವಳು ಲಾ," ಎಂದರು. ನನ್ನ ಕೈ ಹಿಡಿದುಕೊಂಡು, "ಇವಳು ಮಂಗಳೂರಿನವಳು," ಎಂದರು.