ಕುರ್ಚಿಯ ಮೇಲಿನ ಟವೆಲ್

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮೂರ ಪಂಚಾಯ್ತಿಯಲ್ಲಿ ಅಧ್ಯಕ್ಷರ ಕುರ್ಚಿಯ ಮೇಲೆ ಒಂದು ಟವೆಲ್ ಬಿದ್ದಿತ್ತು, ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ. ಅಧ್ಯಕ್ಷೆ ಶಾಂತಕ್ಕ. ಟವೆಲ್ ಅವರ ಗಂಡನದು.

ಹಳ್ಳ ಬಂದು ಊರಿನ ದಾರಿ ಕಡಿದರೆ ಪಂಚಾಯ್ತಿ ನಡೆಸುವವರು ಯಾರು ಎಂದು ನಿರ್ಧರಿಸುವ ಸಭೆ ಅದು. ಟವೆಲ್ ಸರಿಸಿ ಕೂತ ಯಜಮಾನರು, “ನಾ ಇರತೇನಿ. ನಾ ಇಲ್ಲಂದ್ರ ನಮ್ಮ ತಮ್ಮ, ಅವನೂ ಇಲ್ಲಂದ್ರ ನಮ್ಮ ಅಳಿಯ” ಎಂದರು.

ಕೆಳಗಿನ ಓಣಿಯ ಖಾಸಿಂ ಕಾಕಾ ಎದ್ದರು. “ಹೋದ ಮಳಿಗಾಲದಾಗ ನೀವು ಮೂರೂ ಮಂದಿ ಹುಬ್ಬಳ್ಳ್ಯಾಗ ಸಿಕ್ಕೊಂಡಿದ್ರಿ. ಮನ್ಯಾಗ ನೀರ ಹೊಕ್ಕಿತ್ತು, ಆಸರಕ್ಕ ಸಾಲಿ ಕಟ್ಟಡದ ಕೀಲಿ ತಗಸವ್ರ ಇಲ್ಲದಕ್ಕ ಕೆಳಗಿನ ಓಣಿ ಮಂದಿ ಮಳ್ಯಾಗ ನಿಂತಿತ್ತು. ಶಾಂತಕ್ಕಾರು ಊರಾಗ ಇದ್ರಲ್ರಿ?”

“ಆಕಿ ಇದ್ಲು ಕಾಕಾ! ಏನ್ ಮಾಡ್ಬೇಕಂತ ಆಕಿಗೆ ಹೇಳಾಕ ನಾ ಇರಲಿಲ್ಲಲ್ಲ?”

ಸಭೆ ನಕ್ಕಿತು. ಬಾಗಿಲ ಬಳಿ ಕೂತಿದ್ದ ಶಾಂತಕ್ಕ ನಗಲಿಲ್ಲ. “ಕೀಲಿ ಒಡಿಯಾಕ ಕಲ್ಲ ಹಿಡಕೊಂಡ ಹೊಂಟಿದ್ದೆ. ‘ಯಜಮಾನ್ರ ಬರಲಿ’ ಅಂತ ನಿಮ್ಮ ಮಂದಿನೇ ನನ್ನ ತಡದ್ರು” ಎಂದರು.

ಆ ಮಳೆಯಲ್ಲಿ ನಿಂತವರಲ್ಲಿ ನಾನೂ ನನ್ನ ಅಜ್ಜಿಯೂ ಇದ್ದೆವು. ಎದ್ದು ಮಾತಾಡುವ ಧೈರ್ಯ ನನಗೆ ಇವತ್ತೂ ಬರಲಿಲ್ಲ. ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಟವೆಲ್ ಮಡಚಿ ಕಿಟಕಿಯಲ್ಲಿಡಲು ಭಾಷಣ ಬೇಕಾಗುವುದಿಲ್ಲ.