ನಾದಿನಿ ಮತ್ತು ನಾನು ಶ್ರೇಢಿ ಗೆದ್ದ ವರ್ಷ

ನನ್ನ ನಾದಿನಿ ಮೆಟ್ರಿಕ್‌ನಲ್ಲಿ ಎರಡನೇ ಸಲ ಗಣಿತದಲ್ಲಿ ನಪಾಸಾದ ದಿನ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಮಾವನವರು ಅಂಗಡಿಯಿಂದ ಬಂದರು, ಕೈಕಾಲು ತೊಳೆದು ಊಟಕ್ಕೆ ಕೂತರು. ರೊಟ್ಟಿ ಮುರಿಯುತ್ತ ತಲೆ ಎತ್ತದೆಯೇ ಹೇಳಿದರು.

“ಬರೂ ಮಾರ್ಚದಾಗ ಕಡೀ ಸಲ. ಆಗಲಿಲ್ಲಂದ್ರ ಸಾಲಿ ಸಾಕು. ನಂದೇಶ್ವರದ ಕಡಿಂದ ಲಗ್ನಕ್ಕ ಒಂದು ಸ್ಥಳ ಬಂದೈತಿ. ಹುಡುಗ ಛಲೋ ಅದಾನ.”

ನಾದಿನಿ ಒಳಗೆ ಅಡುಗೆಮನೆಯ ಗೋಡೆಗೆ ಆತು ನಿಂತಿದ್ದಳು. ಅಳಲಿಲ್ಲ. ತಾಟು ತೊಳೆಯುವಾಗ ಮಾತ್ರ ನನ್ನ ಕಡೆ ತಿರುಗಿ, “ವೈನಿ, ನಂಗ ಬ್ಯಾರೆ ಎಲ್ಲಾ ಬರ್ತೈತಿ, ಆ ಶಿಡಿ ಒಂದು ಬರೂದಿಲ್ಲ ನೋಡು” ಅಂದಳು.

ಯಾವ ಶಿಡಿ ಎಂದು ನನಗೆ ಹೊಳೆಯಲೇ ಇಲ್ಲ. ಅವಳು ಪುಸ್ತಕ ತಂದು ತೋರಿಸಿದಾಗ ನಗು ತಡೆಯಲಾಗಲಿಲ್ಲ. ಮರಾಠಿ ಬೀಜಗಣಿತದ ಪುಸ್ತಕದಲ್ಲಿ ಅದು ‘ಅಂಕಗಣಿತಿ ಶ್ರೇಢಿ’. ಒಂದೇ ಅಂತರದಲ್ಲಿ ಏರುತ್ತ ಹೋಗುವ, ಇಲ್ಲವೇ ಇಳಿಯುತ್ತ ಹೋಗುವ ಸಂಖ್ಯೆಗಳ ಸಾಲು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುತ್ತ ಬೆಳೆದ ಹುಡುಗಿ ಅದನ್ನು ಎರಡು ವರ್ಷದಿಂದ ಗೋಡೆಗೆ ಆನಿಸುವ ಶಿಡಿ, ಅಂದರೆ ಏಣಿ, ಎಂದೇ ಕೇಳಿಸಿಕೊಂಡಿದ್ದಳು.

ಎಪ್ಪತ್ತರ ದಶಕ ಅರ್ಧ ದಾಟಿತ್ತು. ಸೊಲ್ಲಾಪುರದ ಪೇಟೆಯಲ್ಲಿ ನಮ್ಮ ಮಾವನವರದು ಚಾದರ, ಸೀರೆಗಳ ಅಂಗಡಿ. ನಾನು ಅಕ್ಕಲಕೋಟೆ ತಾಲೂಕಿನ ಚಪಳಗಾಂವದ ಒಕ್ಕಲುತನದ ಮನೆಯವಳು. ಏಳನೇ ಇಯತ್ತೆವರೆಗೆ ಊರಲ್ಲಿ ಕನ್ನಡದಲ್ಲಿ ಓದಿ, ಆಮೇಲೆ ಅಕ್ಕಲಕೋಟೆಯ ಸೋದರಮಾವನ ಮನೆಯಲ್ಲಿದ್ದುಕೊಂಡು ಮರಾಠಿ ಹೈಸ್ಕೂಲಿಗೆ ಹೋದೆ. ಗಣಿತ ನನಗೆ ಇಷ್ಟ. ಮೆಟ್ರಿಕ್ ಪರೀಕ್ಷೆಯ ಹಾಲ್ ಟಿಕೆಟ್ ಕೂಡ ಬಂದಿತ್ತು. ಆದರೆ ಅದು ಬಂದಾಗ ನಾನು ಅರಿಶಿನ ಹಚ್ಚಿಸಿಕೊಂಡು ಕೂತಿದ್ದೆ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದೆ, ಮಗಳು ಹುಟ್ಟಿದಳು, ಪುಸ್ತಕದ ಮಾತು ಮರೆತೇಹೋಗಿತ್ತು. ಮರೆತಿತ್ತು ಎಂದುಕೊಂಡಿದ್ದೆ.

ಮರುದಿನ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ನಾದಿನಿ ನಡುಮನೆಯಲ್ಲಿ ಗಟ್ಟಿಯಾಗಿ ಲೆಕ್ಕ ಓದುತ್ತಿದ್ದಳು. ಮೊದಲ ಪದ ಏಳು, ಅಂತರ ನಾಲ್ಕು, ಇಪ್ಪತ್ತನೆಯ ಪದ ಎಷ್ಟು? ಸ್ವಲ್ಪ ಹೊತ್ತು ಗೊಣಗಿ, “ಎಂಬತ್ತೇಳು” ಎಂದು ಬರೆದುಕೊಂಡಳು.

ನಾನು ಒಲೆಯ ಮುಂದಿನಿಂದಲೇ ಅಂದೆ: “ಎಂಬತ್ತೇಳಲ್ಲ. ಎಂಬತ್ತಮೂರು.”

ಅವಳು ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ನೋಡಿದಳು. ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು.

“ಹ್ಯಾಂಗ ಗೊತ್ತಾತು ನಿನಗ?”

ಹಿಟ್ಟು ಮೆತ್ತಿದ ಕೈಯನ್ನೇ ಅವಳ ಮುಂದೆ ಚಾಚಿದೆ. “ಬೆರಳು ಎಷ್ಟದಾವ?”

“ಐದು.”

“ನಡುವ ಸಂದು ಎಷ್ಟದಾವ?”

ಅವಳು ಎಣಿಸಿದಳು. “ನಾಲ್ಕು.”

“ಮತ್ತ? ಐದನೇ ಬೆರಳಿಗೆ ಹೋಗಾಕ ನಾಲ್ಕೇ ಸಂದು ದಾಟಬೇಕು. ಇಪ್ಪತ್ತನೇ ಪದಕ್ಕ ಹೋಗಾಕ ಹತ್ತೊಂಬತ್ತು. ನೀ ಇಪ್ಪತ್ತು ಸಲ ನಾಲ್ಕು ಕೂಡಿಸಿದಿ. ಮೊದಲನೇ ಪದದ ಮ್ಯಾಲ ನೀ ಆಗಲೇ ನಿಂತೀ ಅಲ್ಲ, ಅಲ್ಲಿಗೆ ಹೋಗಾಕ ಮತ್ತ ಯಾಕ ಜಿಗೀತಿ?”

ಸೂತ್ರದಲ್ಲಿ ಇದ್ದದ್ದು ಅಷ್ಟೇ. ಪದಗಳ ಸಂಖ್ಯೆಯಿಂದ ಒಂದು ಕಳೆಯಬೇಕು. ಆ ‘ಒಂದು’ ಯಾಕೆ ಕಳೆಯಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಬಾಯಿಪಾಠ ಮಾಡಿದ ಸೂತ್ರ ಪರೀಕ್ಷೆಯ ದಿನ ಹೆದರಿಕೆಯಲ್ಲಿ ಜಾರಿಬಿಡುತ್ತಿತ್ತು.

ಅಂದಿನಿಂದ ಮಧ್ಯಾಹ್ನದ ಕೆಲಸ ಮುಗಿದ ಮೇಲೆ ನಾವಿಬ್ಬರೂ ಕೂಡುವುದು ರೂಢಿಯಾಯಿತು. ಎರಡು ಸಂಖ್ಯೆಗಳ ನಡುವೆ ಮಧ್ಯಮಗಳನ್ನು ತುಂಬುವ ಲೆಕ್ಕವನ್ನೂ ಅದೇ ಕೈಯ ಮೇಲೆ ಮಾಡಿದೆವು. ಐದಕ್ಕೂ ಇಪ್ಪತ್ತೊಂಬತ್ತಕ್ಕೂ ನಡುವೆ ಮೂರು ಮಧ್ಯಮ ಬೇಕು. ಹೆಬ್ಬೆರಳಿಗೆ ಐದು, ಕಿರುಬೆರಳಿಗೆ ಇಪ್ಪತ್ತೊಂಬತ್ತು. ದಾಟಬೇಕಾದದ್ದು ಇಪ್ಪತ್ತನಾಲ್ಕು, ಸಂದು ನಾಲ್ಕು, ಅಂದರೆ ಒಂದೊಂದು ಸಂದಿಗೆ ಆರು. ನಡುವಿನ ಬೆರಳುಗಳಿಗೆ ಹನ್ನೊಂದು, ಹದಿನೇಳು, ಇಪ್ಪತ್ತಮೂರು. ಅವಳು ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಹೇಳಿ, “ಇಷ್ಟ?” ಎಂದು ಕೇಳಿದಳು. ಇಷ್ಟೇ ಎಂದೆ. “ಇಷ್ಟಕ್ಕ ನಾ ಎರಡು ವರ್ಷ ಅತ್ತೀನಿ ವೈನಿ!” ಎಂದು ಪುಸ್ತಕಕ್ಕೆ ಒಂದು ಏಟು ಕೊಟ್ಟಳು.

ಮೊತ್ತದ ಲೆಕ್ಕ ಬಂದಾಗ ಅತ್ತೆಯವರು ಸೇಂಗಾ ಚಟ್ನಿಗೆಂದು ಹುರಿದ ಸೇಂಗಾ ಮೊರದಲ್ಲಿ ಹಾಕಿಕೊಂಡು ಸಿಪ್ಪೆ ತೆಗೆಯುತ್ತಿದ್ದರು. ನಾನು ಒಂದು ಹಿಡಿ ಬೀಜ ತೆಗೆದು ನೆಲದ ಮೇಲೆ ಸಾಲು ಹಚ್ಚಿದೆ. ಕೆಳಗಿನ ಸಾಲಿಗೆ ಹತ್ತೊಂಬತ್ತು, ಅದರ ಮೇಲೆ ಹದಿನೇಳು, ಹೀಗೆ ಎರಡೆರಡು ಕಡಿಮೆಯಾಗುತ್ತ ತುದಿಗೆ ಮೂರು. ಒಂಬತ್ತು ಸಾಲಾಯಿತು.

“ಎಲ್ಲಾ ಕೂಡಿಸಿ ಎಷ್ಟು?”

ಅವಳು ಎಣಿಸಲು ಶುರುಮಾಡಿದಳು. ನಾನು ತಡೆದೆ. ಹತ್ತೊಂಬತ್ತರ ಸಾಲಿನಿಂದ ಎಂಟು ಬೀಜ ತೆಗೆದು ಮೂರರ ಸಾಲಿಗೆ ಹಾಕಿದೆ. ಎರಡೂ ಹನ್ನೊಂದು ಆದವು. ಹದಿನೇಳರಿಂದ ಆರು ತೆಗೆದು ಐದಕ್ಕೆ ಹಾಕಿದೆ. ಅವೂ ಹನ್ನೊಂದು. ಮೂರನೆಯ ಜೋಡಿಗೆ ನಾನು ಕೈ ಹಾಕುವ ಮೊದಲೇ ಅವಳು ಬೀಜಗಳನ್ನು ಸರಿಸತೊಡಗಿದಳು. ನಡುವಿನ ಸಾಲು ಮೊದಲೇ ಹನ್ನೊಂದಿತ್ತು. ಅದನ್ನು ಯಾರೂ ಮುಟ್ಟಬೇಕಾಗಲಿಲ್ಲ.

“ಒಂಬತ್ತು ಸಾಲು, ಸಾಲಿಗೆ ಹನ್ನೊಂದು. ತೊಂಬತ್ತೊಂಬತ್ತು!” ಎಂದು ಕೂಗಿದಳು.

“ಎಲ್ಲಾರಿಗೂ ಸರಿಯಾಗಿ ಹಂಚಿದಂಗಾತು” ಅಂದರು ಅತ್ತೆಯವರು. “ಈಗ ನನ್ನ ಸೇಂಗಾ ನನಗ ಕೊಡ್ರಿ, ಚಟ್ನಿ ಕುಟ್ಟಬೇಕು.”

ಆದರೆ ನಾದಿನಿ ಬೀಜ ಕೊಡಲಿಲ್ಲ. ಎರಡು, ಐದು, ಎಂಟು, ಹನ್ನೊಂದು ಎಂದು ನಾಲ್ಕೇ ಸಾಲು ಹಚ್ಚಿಕೊಂಡು ಹುಬ್ಬು ಗಂಟುಹಾಕಿ ಕೂತಳು. “ವೈನಿ, ಇದರಾಗ ನಡುವಿನ ಸಾಲೇ ಇಲ್ಲಲ್ಲ. ಈಗೇನು ಮಾಡೂದು?”

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಎದ್ದು ಮಗಳಿಗೆ ನೀರು ಕುಡಿಸಲು ಹೋದೆ. ಹಿಂದಿನಿಂದ ಅವಳ ಗೊಣಗಾಟ ಕೇಳುತ್ತಿತ್ತು. ಎರಡು ಮತ್ತು ಹನ್ನೊಂದು, ಹದಿಮೂರು. ಐದು ಮತ್ತು ಎಂಟು, ಅದೂ ಹದಿಮೂರು. ಆಮೇಲೆ ಕೂಗಿದಳು: “ಸಾಲಿಗೆ ಆರೂವರಿ! ನಡುವ ಸಾಲು ಇಲ್ಲದಿದ್ರ ಏನಾತು, ನಡುವಿನ ಮಾಪ ಐತಿ! ನಾಲ್ಕು ಆರೂವರಿ ಇಪ್ಪತ್ತಾರು!” ಅತ್ತೆಯವರು ಬೆಚ್ಚಿ ಮೊರವನ್ನು ಬಿಗಿಯಾಗಿ ಹಿಡಿದುಕೊಂಡರು. ನಾನು ಬಾಗಿಲಲ್ಲಿ ನಿಂತು ಆ ಹುಡುಗಿಯ ಮುಖ ನೋಡಿದೆ. ಆಕೆ ಇನ್ನು ನಪಾಸಾಗುವುದಿಲ್ಲ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಪರೀಕ್ಷೆಯ ಅರ್ಜಿ ತುಂಬುವ ಹೊತ್ತು ಬಂದಾಗ ಅವಳು ಮಾವನವರ ಮುಂದೆ ಹೋಗಿ ನಿಂತಳು.

“ಅಪ್ಪಾ, ನಾ ಪರೀಕ್ಷಾಕ್ಕ ಕೂಡತೀನಿ. ಆದ್ರ ವೈನಿನೂ ಕೂಡಬೇಕು.”

ನಾನು ಮಾವನವರಿಗೆ ಚಹ ತಂದು ಅಲ್ಲೇ ನಿಂತಿದ್ದೆ. ಅವಳು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

“ಸೊಸಿ ಪರೀಕ್ಷಾಕ್ಕ ಕೂಡೂದಾ?” ಮಾವನವರು ಕನ್ನಡಕ ತೆಗೆದರು. “ಪ್ಯಾಟಿ ಮಂದಿ ಏನಂತಾರ?”

“ಏನಂತಾರ್ರಿ?” ಅತ್ತೆಯವರು ಒಳಗಿನಿಂದ ಬಂದು ನಡುವೆ ನಿಂತರು. “ಇಬ್ಬರು ಕೂಡಿ ಹೋಗ್ತಾರ, ಕೂಡಿ ಬರ್ತಾರ. ಕೂಸಿನ್ನ ನಾ ನೋಡ್ಕೋತೀನಿ. ಈ ಮನಿಗೆ ಬರೂವಾಗ ಆಕಿ ಪರೀಕ್ಷಾ ಬಿಟ್ಟು ಬಂದಾಳ. ಆವಾಗ ನಾವೂ ಒಂದು ತಿಂಗಳು ತಡದಿದ್ರ ಏನಾಗ್ತಿತ್ತು?”

ಮಾವನವರು ಚಹ ಕುಡಿದು ಅಂಗಡಿಗೆ ಹೋದರು. ಬೇಡ ಅನ್ನಲಿಲ್ಲವಲ್ಲ, ಅದನ್ನೇ ನಾವು ಒಪ್ಪಿಗೆ ಎಂದು ಹಿಡಿದೆವು. ನನ್ನ ಗಂಡ ಅಂದು ಸಂಜೆಯೇ ಹೊರಗಿನ ವಿದ್ಯಾರ್ಥಿಗಳ ಅರ್ಜಿ ತಂದುಕೊಟ್ಟರು.

ಶಾಲೆ ಬಿಟ್ಟ ದಾಖಲೆ ತರಲು ಅತ್ತೆಯವರೂ ನಾನೂ ಬಸ್ಸಿನಲ್ಲಿ ಅಕ್ಕಲಕೋಟೆಗೆ ಹೋದೆವು. ಹಳೆಯ ಗಣಿತದ ಗುರುಗಳು ಇನ್ನೂ ಅಲ್ಲೇ ಇದ್ದರು. ಮರಾಠಿಯವರಾದರೂ ನಮ್ಮಂಥ ಹಳ್ಳಿ ಮಕ್ಕಳಿಗಾಗಿ ಕನ್ನಡ ಕಲಿತಿದ್ದ ಮನುಷ್ಯ. ನನ್ನನ್ನು ನೋಡಿ ಗುರುತು ಹಿಡಿದು, “ಆ ವರ್ಷ ನಿನ್ನ ಜಾಗಾ ಖಾಲಿ ಇತ್ತಲ್ಲವಾ. ನನಗ ಭಾಳ ಕೆಟ್ಟ ಅನಿಸಿತ್ತು” ಅಂದರು. ಮತ್ತೆ ಕೂಡುತ್ತೇನೆ ಎಂದಾಗ, ಕಾಗದಕ್ಕೆ ತಾವೇ ಎದ್ದು ಹೋಗಿ ಮುಖ್ಯಾಧ್ಯಾಪಕರ ಸಹಿ ಹಾಕಿಸಿ ತಂದರು. ಬಾಗಿಲವರೆಗೆ ಬಂದು ಅತ್ತೆಯವರಿಗೆ ಕೈಮುಗಿದರು. ಅತ್ತೆಯವರು ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ಎರಡು ಮೂರು ಸಲ ಆಡಿದರು: “ಮಾಸ್ತರು ನನಗ ಕೈ ಮುಗದ್ರು ನೋಡು.”

ಆ ಚಳಿಗಾಲ ನಾದಿನಿ ನನಗೆ ಇಂಗ್ಲಿಷ್ ಕಲಿಸಿದಳು. ಅದರಲ್ಲಿ ನಾನು ದಡ್ಡಿ. ಕ್ರಿಯಾಪದಗಳನ್ನು ತಪ್ಪಿದಾಗ ಅವಳು ಗುರುಗಳಂತೆ ಗಂಟಲು ಬದಲಿಸಿ ಬೈಯುತ್ತಿದ್ದಳು. ಶ್ರೇಢಿ ತಿಳಿದ ಮೇಲೆ ಉಳಿದ ಗಣಿತದ ಮೇಲಿನ ಅವಳ ಹೆದರಿಕೆಯೂ ಹೋಗಿತ್ತು. ಯಾವ ಸೂತ್ರ ಸಿಕ್ಕರೂ, “ಇದು ಯಾಕ ಹಿಂಗ?” ಎಂದು ನನ್ನ ಬೆನ್ನು ಹತ್ತುತ್ತಿದ್ದಳು. ಎಷ್ಟೋ ಸಲ ನನಗೇ ಗೊತ್ತಿರುತ್ತಿರಲಿಲ್ಲ. ಇಬ್ಬರೂ ಕೂಡಿ ಹುಡುಕುತ್ತಿದ್ದೆವು.

ಮಾರ್ಚ್‌ನಲ್ಲಿ ಪರೀಕ್ಷೆ. ಮೊದಲ ದಿನ ನಾನು ಹಸಿರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಲಂಗ ದಾವಣಿಯ ಹುಡುಗಿಯರ ನಡುವೆ ಹಾಲಿನ ಬಾಗಿಲಿಗೆ ಬಂದಾಗ ಮೇಲ್ವಿಚಾರಕಿ ನನ್ನನ್ನು ತಡೆದರು.

“ಬಾಯೀ, ಪಾಲಕಾಂನೀ ಬಾಹೇರ್ ಥಾಂಬಾಯಚಂ.” ಪಾಲಕರು ಹೊರಗೆ ನಿಲ್ಲಬೇಕು ಎಂದರು.

ನಾನು ಹಾಲ್ ಟಿಕೆಟ್ ಎತ್ತಿ ತೋರಿಸಿದೆ. “ಮೀ ಪರೀಕ್ಷೇಲಾ ಬಸಲೇಯ್.” ಪರೀಕ್ಷೆಗೆ ಕೂತವಳೇ ನಾನು.

ಹಾಗೆ ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಮೇಲ್ವಿಚಾರಕಿ ಟಿಕೆಟ್ ನೋಡಿ, ನನ್ನನ್ನು ನೋಡಿ, ನಕ್ಕು ದಾರಿ ಬಿಟ್ಟರು.

ಬೀಜಗಣಿತದ ದಿನ ಪ್ರಶ್ನೆಪತ್ರಿಕೆಯ ಕೊನೆಯ ಪ್ರಶ್ನೆ ಶ್ರೇಢಿಯದು. ಒಂದು ಸಭಾಗೃಹದಲ್ಲಿ ಮೊದಲ ಸಾಲಿಗೆ ಹನ್ನೆರಡು ಕುರ್ಚಿ, ಕೊನೆಯ ಸಾಲಿಗೆ ನಲವತ್ತೆಂಟು. ಪ್ರತಿ ಸಾಲಿಗೂ ಒಂದೇ ಅಂತರದಲ್ಲಿ ಕುರ್ಚಿ ಹೆಚ್ಚುತ್ತವೆ. ಒಟ್ಟು ಕುರ್ಚಿ ಮುನ್ನೂರ ತೊಂಬತ್ತು. ಸಾಲುಗಳೆಷ್ಟು, ಅಂತರವೆಷ್ಟು? ಪುಸ್ತಕದಲ್ಲಿ ಇಂಥ ಪ್ರಶ್ನೆ ಇರಲಿಲ್ಲ. ಅಲ್ಲಿ ಸಾಲು ಕೊಟ್ಟು ಮೊತ್ತ ಕೇಳುತ್ತಿದ್ದರು, ಇಲ್ಲಿ ಮೊತ್ತ ಕೊಟ್ಟು ಸಾಲು ಕೇಳಿದ್ದರು. ನಾನು ಬರೆದು ಮುಗಿಸಿದೆ. ಆದರೆ ನನ್ನ ಲಕ್ಷ್ಯವೆಲ್ಲ ಬೇರೆ ಕೋಣೆಯಲ್ಲಿ ಕೂತಿದ್ದ ಅವಳ ಮೇಲಿತ್ತು.

ಗಂಟೆ ಹೊಡೆಯಿತು. ಅಂಗಳದ ಆ ಕಡೆಯಿಂದ ಅವಳು ಓಡಿ ಬರುತ್ತಿದ್ದಳು. ಜಡೆಯ ರಿಬ್ಬನ್ ಬಿಚ್ಚಿ ಜೋತಾಡುತ್ತಿತ್ತು.

“ಕುರ್ಚಿ?” ಎಂದೆ.

“ಹದಿಮೂರು ಸಾಲು, ಅಂತರ ಮೂರು!” ಅವಳು ಏದುಸಿರು ಬಿಡುತ್ತಿದ್ದಳು. “ಹನ್ನೆರಡು, ನಲವತ್ತೆಂಟು ಸಮಾ ಮಾಡಿದ್ರ ಸಾಲಿಗೆ ಮೂವತ್ತು. ಮುನ್ನೂರ ತೊಂಬತ್ತಕ್ಕ ಹದಿಮೂರು ಸಾಲು. ಹದಿಮೂರು ಸಾಲಿಗೆ ಹನ್ನೆರಡು ಸಂದು. ದಾಟೂದು ಮೂವತ್ತಾರು, ಹನ್ನೆರಡಲೇ ಭಾಗಿಸಿದ್ರ ಮೂರು. ಹೌದಲ್ಲ? ವೈನಿ, ಹೌದಲ್ಲ?”

ಹೌದು, ಹೌದು ಎನ್ನುತ್ತ ಅವಳನ್ನು ತಬ್ಬಿಕೊಂಡೆ. ಅಷ್ಟು ಜನರ ನಡುವೆ ಸೆರಗು ಜಾರಿದ್ದೂ ಗೊತ್ತಾಗಲಿಲ್ಲ.

ಫಲಿತಾಂಶದ ದಿನ ಪಾಸಾದವರ ನಂಬರುಗಳು ಪೇಪರಿನಲ್ಲಿ ಬಂದವು. ಮಾವನವರು ಅಂಗಡಿಯಲ್ಲೇ ಪೇಪರು ಹರಡಿಕೊಂಡು ನೋಡಿ, ಮಧ್ಯಾಹ್ನಕ್ಕೆ ಮೊದಲೇ ಮನೆಗೆ ಬಂದರು. ಅವರು ಆ ಹೊತ್ತಿಗೆ ಅಂಗಡಿ ಬಿಟ್ಟು ಬಂದದ್ದನ್ನು ನಾನು ನೋಡಿದ್ದೇ ಅದು ಮೊದಲು. ಕೈಯಲ್ಲಿ ಪೇಢೆಯ ಪೊಟ್ಟಣ. ಮಗಳ ನಂಬರಿಗೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದರು.

“ಬಾಯಿ ತಗಿಯವಾ” ಎಂದು ಪೇಢೆ ಹಿಡಿದರು.

ನಾದಿನಿ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು. “ವೈನಿ ನಂಬರ?”

ಮಾವನವರು ತಡವರಿಸಿದರು. “ಕಾಣಲಿಲ್ಲ. ಭಾಳ ಹುಡುಕಿದೆ.”

ನನಗೆ ಇಂಗ್ಲಿಷ್ ಕೈಕೊಟ್ಟಿತು ಎಂದುಕೊಂಡೆ. ಆದರೂ ಅವಳು ಪಾಸಾದಳಲ್ಲ ಎಂದು ನಗಲು ನೋಡಿದೆ. ನಾದಿನಿ ಮಾತ್ರ ಪೇಪರು ಕಿತ್ತುಕೊಂಡು ನೆಲಕ್ಕೆ ಹರಡಿ, ಮೊಣಕಾಲೂರಿ ಕೂತಳು. ನನ್ನ ಗಂಡನೂ ಬಂದು ಅವಳ ಪಕ್ಕಕ್ಕೆ ಕೂತರು. ಅವರೇ ಮೊದಲು ಕಂಡದ್ದು. “ಅಪ್ಪಾ, ನೀವು ಸಾಲಿ ಹುಡುಗ್ಯಾರ ನಂಬರದಾಗ ಹುಡುಕೀರಿ. ಹೊರಗಿನವರದು ಬ್ಯಾರೆ ಐತಿ. ಇಲ್ಲಿ ನೋಡ್ರಿ!”

ಪುಟದ ಕೆಳಮೂಲೆಯಲ್ಲಿ ನನ್ನ ನಂಬರು ಇತ್ತು. ನಾದಿನಿ ಎಷ್ಟು ಜೋರಾಗಿ ಕಿರುಚಿದಳೆಂದರೆ ಪಕ್ಕದ ಮನೆಯವರು ಏನಾಯಿತೆಂದು ಓಡಿಬಂದರು. ಅತ್ತೆಯವರು ನನ್ನ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಓಣಿಗೆ ಇಳಿದವರು ತಿರುಗಿ ಬರಲು ಬಹಳ ಹೊತ್ತಾಯಿತು. ನಂದೇಶ್ವರದ ಸ್ಥಳದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅಂಕಪಟ್ಟಿ ಬಂದಾಗ ಗಣಿತದಲ್ಲಿ ಅವಳಿಗೆ ನನಗಿಂತ ಎರಡು ಅಂಕ ಹೆಚ್ಚು ಬಂದಿತ್ತು. ಆ ವಿಷಯ ಅವಳು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ನಾನು ಮುಂದೆ ಗಣಿತದ ಶಿಕ್ಷಕಿಯಾಗಿ ನಿವೃತ್ತಳಾದರೂ ನನ್ನ ಗುರು ತಾನೇ ಎಂಬಂತೆ ಮಾತಾಡುತ್ತಾಳೆ.

ಜೂನ್‌ನಲ್ಲಿ ಮಾವನವರೇ ನಮ್ಮಿಬ್ಬರನ್ನೂ ಕಾಲೇಜಿಗೆ ಹೆಸರು ಹಚ್ಚಲು ಕರೆದುಕೊಂಡು ಹೋದರು. ಇಸ್ತ್ರಿ ಮಾಡಿದ ಧೋತರ, ಕರಿ ಟೊಪ್ಪಿಗೆ. ಕಿಟಕಿಯ ಹಿಂದಿದ್ದ ಗುಮಾಸ್ತ ನಮ್ಮಿಬ್ಬರ ಮೇಲೆ ಕಣ್ಣಾಡಿಸಿ ಕೇಳಿದ:

“ಮುಲಗೀ ಕೋಣತೀ?” ಮಗಳು ಯಾರು?

ಮಾವನವರು ಎರಡೂ ಅಂಕಪಟ್ಟಿಗಳನ್ನು ಕಿಟಕಿಯೊಳಗೆ ಸರಿಸಿದರು.

“ದೋಘೀ” ಅಂದರು. ಇಬ್ಬರೂ.