ರೈಟ್ ಮಾವ ಕೂತ ಎರಡು ನಿಮಿಷ

ನನ್ನ ಸೋದರಮಾವ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದ. ರಿಟೈರ್ ಆಗಿ ಎರಡು ವರ್ಷ ಕಳೆದರೂ ಆ ಕೆಲಸ ಬಾಯಿಂದ ಇಳಿದಿಲ್ಲ. ಬಡಿಸುವಾಗ ಸಾಕು ಅನ್ನುವುದಕ್ಕೆ ‘ಹೋಲ್ಡಾನ್’, ಮನೆ ಬಾಗಿಲಿಗೆ ಬೀಗ ಹಾಕಿದ ಮೇಲೆ ‘ರೈಟ್’. ನನ್ನ ಮದುವೆಯಲ್ಲಿ ಫೋಟೋಗೆ ನಿಂತವರನ್ನೆಲ್ಲ ‘ಒಳಗೆ ಹೋಗಿ, ಮಧ್ಯೆ ಖಾಲಿ ಇದೆ’ ಎಂದು ಒತ್ತಿದ ರಭಸಕ್ಕೆ ನನ್ನ ಗಂಡ ಫೋಟೋದಿಂದಲೇ ಆಚೆ ಹೋದ. ಅಂದಿನಿಂದ ಸೋದರಮಾವ ಎಲ್ಲರಿಗೂ ರೈಟ್ ಮಾವ.

ಅವನ ಹೆಂಡತಿ, ಅಂದರೆ ನನ್ನ ಅತ್ತೆಯದು ಒಂದೇ ದೂರು. ಮದುವೆಯಾದಾಗಿನಿಂದ ಈ ಮನುಷ್ಯ ಯಾವ ಪ್ರಯಾಣದಲ್ಲೂ ಅವಳ ಪಕ್ಕ ಕೂತಿಲ್ಲ. ರಜೆ ಹಾಕಿ ಬೇರೆಯವರ ಬಸ್ ಹತ್ತಿದರೂ ಬಾಗಿಲಲ್ಲೇ ನಿಲ್ಲುತ್ತಿದ್ದ. ಗುರುತು ಪರಿಚಯ ಇಲ್ಲದವರು ಅವಳ ಪಕ್ಕ ಕೂತು, ಅವಳ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಹೋದ ವರ್ಷ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು.

“ನನಗೆ ಒಡವೆ ಬೇಡ, ಬಟ್ಟೆ ಬೇಡ. ನದಿ ಮೇಲೆ ಮೂರು ದಿನ ಲಾಂಚ್ ಹೋಗುತ್ತಂತೆ. ಕಿಟಕಿ ಪಕ್ಕ ನಾನು, ನನ್ನ ಪಕ್ಕ ನೀವು. ಅಷ್ಟೇ ನಾನು ಕೇಳೋದು.”

ಮಾವ ಒಪ್ಪಿದ. ಆದರೆ ಲಾಂಚ್ ಹೊರಡುವ ಐದು ದಿನ ಮೊದಲೇ ಆ ಬಂದರಿನ ಊರು ಸೇರಬೇಕು ಎಂದು ಹಟ ಹಿಡಿದ. ಯಾಕೆಂದರೆ, “ದಾರೀಲಿ ಏನಾದ್ರೂ ಆದ್ರೆ?” ಐದು ದಿನ ತಡವಾಗುವಂಥದ್ದು ಏನಾಗುತ್ತದೆ, ಭೂಮಿ ಬಾಯಿ ಬಿಡುತ್ತದೆಯೇ? ಮಾವ ಕೈಕೊಟ್ಟರೆ ಪಕ್ಕದ ಸೀಟಿಗೆ ಒಬ್ಬರಿರಲಿ ಎಂದು ಅತ್ತೆ ನನ್ನನ್ನೂ ಎಳೆದುಕೊಂಡು ಹೋದಳು.

ನಮ್ಮ ಲಾಡ್ಜು ಹಗ್ಗದ ಅಂಗಡಿಯ ಮೇಲಿತ್ತು. ಕಿಟಕಿ ತೆರೆದರೆ ಕ್ರೇನಿನ ಕಿರುಚಾಟ, ಮುಚ್ಚಿದರೆ ಸೆಕೆ. ಮಾವ ತಿಂಡಿ ಮುಗಿಸಿದ್ದೇ ಮಾಯವಾಗುತ್ತಿದ್ದ. ಅತ್ತೆ ಮತ್ತು ನಾನು ಮೂರು ದಿನದಲ್ಲಿ ದೀಪಸ್ತಂಭವನ್ನು ಎರಡು ಸಲ, ಮೀನು ಮಾರುಕಟ್ಟೆಯನ್ನು ಮೂರು ಸಲ ನೋಡಿ, ನೋಡಲು ಬೇರೇನೂ ಉಳಿಯದೆ ಮಾವನನ್ನೇ ಹುಡುಕಿಕೊಂಡು ಹೊರಟೆವು.

ಸಿಕ್ಕಿದ. ಆಚೆ ದಡಕ್ಕೆ ಹೋಗಿಬರುವ ಲಾಂಚಿನ ಬಾಗಿಲಲ್ಲಿ ಕಂಬಿ ಹಿಡಿದು ನಿಂತಿದ್ದ. “ಚೀಲ ತೊಡೆ ಮೇಲಿಟ್ಕೊಳ್ಳಿ ಅಮ್ಮ. ನೀವು ಮುಂದೆ ಹೋಗಿ.” ಆಮೇಲೆ ಅಂಗೈಯಿಂದ ಎರಡು ಸಲ ಲಾಂಚಿಗೆ ಬಡಿದು, “ರೈಟ್.” ಲಾಂಚು ಹೊರಟೇಬಿಟ್ಟಿತು. ಅದು ವಾಪಸ್ ಬಂದಾಗ ಚಾಲಕ ಅತ್ತೆಗೆ ಕೈಮುಗಿದ.

“ನಿಮ್ಮೆಜಮಾನ್ರು ಬಂದ್ಮೇಲೆ ಒಂದು ನಿಮಿಷನೂ ಲೇಟಾಗಿಲ್ಲ. ನಿಮ್ಮ ಟೂರ್ ಲಾಂಚಿಗೂ ನಾನೇ ಬರ್ತಿರೋದು.”

ಅತ್ತೆ ಕೆಂಡವಾದಳು. “ಐದು ದಿನ ಮೊದ್ಲೇ ಕರ್ಕೊಂಡು ಬಂದಿದ್ದು ಈ ಚೆಂದಕ್ಕಾ?”

“ಇಲ್ಲ ಕಣೇ, ಏನೋ ಸ್ವಲ್ಪ ಅಭ್ಯಾಸ ಮಾಡ್ಕೋತಿದೀನಿ,” ಎಂದ ಮಾವ. ಏನು ಅಭ್ಯಾಸ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಹೊರಡುವ ದಿನ ಅತ್ತೆ ಕಿಟಕಿ ಪಕ್ಕ ಕೂತು, ಮಾವನ ಸೀಟಿನ ಮೇಲೆ ತನ್ನ ಕೈಚೀಲ ಇಟ್ಟು ಕಾದಳು. ನಾನು ಅವಳ ಹಿಂದಿನ ಸೀಟು. ಮಾವನೂ ಒಂದು ಕಾಲು ಒಳಗಿಟ್ಟಿದ್ದ, ಅಷ್ಟರಲ್ಲಿ ಯಾರೋ ಅಜ್ಜಿ ಹತ್ತುವ ಹಲಗೆಯ ಮೇಲೆ ತಡವರಿಸಿದ್ದು ಕಂಡಿತು. ಇಳಿದ. ಅಜ್ಜಿಯನ್ನು ಹತ್ತಿಸಿದ, ಅವಳ ಹಿಂದಿದ್ದವರನ್ನು ಹತ್ತಿಸಿದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಲಾಂಚಿಗೆ ಎರಡು ಸಲ ಬಡಿದು “ರೈಟ್” ಎಂದ.

ಲಾಂಚು ಹೊರಟಿತು. ಮಾವ ದಡದಲ್ಲೇ ಉಳಿದ. ಒಂದು ಗಳಿಗೆ ಕೆಲಸ ಮುಗಿಸಿದ ತೃಪ್ತಿಯಿಂದ ನಮ್ಮನ್ನೇ ನೋಡುತ್ತಿದ್ದ. ಆಮೇಲೆ ಅವನ ಮುಖ ಇಂಗು ತಿಂದ ಮಂಗನದಾಯಿತು.

ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದಳು, “ಹೋಲ್ಡಾನ್!” ಅಂಥ ಗಂಟಲು ಅವಳಿಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಲಾಂಚು ನಿಂತಿತು, ಹಿಂದಕ್ಕೆ ಬಂತು.

ಮಾವ ಬಂದು ಕೂತ. ಮೊಣಕಾಲ ಮೇಲೆ ಎರಡೂ ಕೈಯಿಟ್ಟು ನೆಟ್ಟಗೆ ಕೂತ. ಅತ್ತೆ ಕಿಟಕಿಯ ಕಡೆ ತಿರುಗಿ ತನ್ನಷ್ಟಕ್ಕೆ ನಕ್ಕಳು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ಒದ್ದೆಯಾಯಿತು. ಆದರೆ ಎರಡೇ ನಿಮಿಷದಲ್ಲಿ ಮಾವನ ಕತ್ತಿನಿಂದ ಬೆವರು ಇಳಿಯತೊಡಗಿತು.

“ಏನ್ರೀ, ಮುಖ ಯಾಕೆ ಹಿಂಗಾಯ್ತು?”

“ಕೂತ್ರೆ ನನಗೆ ವಾಂತಿ ಬರುತ್ತೆ ಕಣೇ,” ಎಂದ ಮಾವ, ಹಲ್ಲು ಕಚ್ಚಿಕೊಂಡು. “ಮೊದ್ಲಿಂದಾನೂ ಅಷ್ಟೇ. ನಿಂತ್ರೆ ಏನೂ ಆಗಲ್ಲ. ಕಂಡಕ್ಟರ್‌ಗೇ ವಾಂತಿ ಅಂದ್ರೆ ಜನ ನಗಲ್ವಾ, ಅದಕ್ಕೆ ಯಾರಿಗೂ ಹೇಳಿರಲಿಲ್ಲ. ಕೂರೋದು ಕಲಿಯೋಣ ಅಂತಾನೇ ಐದು ದಿನ ಮೊದ್ಲು ಬಂದೆ. ದಿನಾ ಆ ಲಾಂಚಲ್ಲಿ ಕೂತು ನೋಡ್ದೆ. ನಡುನೀರಿಗೆ ಹೋಗೋಷ್ಟರಲ್ಲಿ ಎದ್ದು ಬಾಗಿಲಿಗೆ ಓಡಬೇಕಾಗ್ತಿತ್ತು. ಬಾಗಿಲಲ್ಲಿ ನಿಂತ್ಮೇಲೆ ನನ್ನ ಬಾಯಿ ಸುಮ್ನಿರುತ್ತಾ?”

ಇನ್ನು ಅತ್ತೆ ಮಾವನಿಗೆ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ. ಅವಳು ಸೆರಗಿನಿಂದ ಅವನ ಕತ್ತಿನ ಬೆವರು ಒರೆಸಿದಳು.

“ನನ್ನ ಪಕ್ಕ ಕೂರೋಕೆ ನಿಮಗೆ ನಾಚಿಕೆ ಅಂದ್ಕೊಂಡಿದ್ದೆ, ಇಷ್ಟು ವರ್ಷ,” ಎಂದಳು.

ಮಾವ ಏನೋ ಹೇಳಲು ಬಾಯಿ ತೆರೆದು, ಅಪಾಯ ಎಂದು ತಕ್ಷಣ ಮುಚ್ಚಿಕೊಂಡ. ಅತ್ತೆ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ಏಳಿ, ಹೋಗೋಣ.”

ಇಬ್ಬರೂ ಹೋಗಿ ಬಾಗಿಲಲ್ಲಿ ಒಂದೇ ಕಂಬಿ ಹಿಡಿದು ನಿಂತರು. ಮೂರು ದಿನವೂ ಅಲ್ಲೇ ನಿಂತಿದ್ದರು, ಹತ್ತುವವರಿಗೂ ಇಳಿಯುವವರಿಗೂ ಅಡ್ಡವಾಗಿ.